ಗ್ರೈಂಡರ್ ಓಡುವಷ್ಟು ಹೊತ್ತು

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದು ಮೊದಲು ಹೇಳಿದವರು ನಮ್ಮ ಸೋದರಮಾವ. ಅಮ್ಮನ ಅಣ್ಣ, ಮದ್ದೂರಿನ ಕಡೆ ಬಸ್ ಕಂಡಕ್ಟರ್ ಆಗಿದ್ದು ರಿಟೈರ್ ಆದವರು. ಗುಟ್ಟಾಗಿಯೇನೂ ಹೇಳಲಿಲ್ಲ. ಮಾವನಿಗೆ ಗುಟ್ಟು ಹೇಳುವಂಥ ಗಂಟಲೇ ಇಲ್ಲ. ನಮ್ಮ ಮನೆಯಲ್ಲಿ ಕಾಫಿ ಲೋಟ ಹಿಡಿದು ಕೂತು, ಬಸ್ಸಿನ ಕೊನೆಯ ಸೀಟಿಗೂ ಕೇಳಿಸುವ ಹಾಗೆ, “ಹಿಟ್ಟು ರುಬ್ಬೋ ಮನೇಲಿ ಬಿ.ಕಾಂ. ಆಯ್ತದೇನವ್ವಾ? ಸುಮ್ನೆ ಇರಬಾರ್ದಾ?” ಎಂದರು. ನಮ್ಮ ವಂಶದಲ್ಲಿ ಅದುವರೆಗೆ ಪಿಯುಸಿ ದಾಟಿದವರು ಯಾರೂ ಇರಲಿಲ್ಲ. ಹಾಗಾಗಿ ಅವರ ಮಾತಿಗೆ ತಲೆಮಾರುಗಟ್ಟಲೆ ಸಾಕ್ಷಿಗಳಿದ್ದರು, ನನ್ನ ಮಾತಿಗೆ ಒಬ್ಬರೂ ಇರಲಿಲ್ಲ.

ಇದೆಲ್ಲ ಕಳೆದ ವಾರ ಆಫೀಸಿನಲ್ಲಿ ನೆನಪಾಯಿತು. ಸರಸ್ವತಿಪುರಂನ ಒಂದು ಆಡಿಟರ್ ಆಫೀಸಿನಲ್ಲಿ ನನಗೆ ಕೆಲಸ. ಪಕ್ಕದ ಮೇಜಿಗೆ ಹೊಸದಾಗಿ ಬಂದಿರುವ ರಕ್ಷಿತಾ ಬಲು ಚುರುಕು. ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಅವಳ ದಿನವೆಲ್ಲ ಫೋನಿನಲ್ಲಿ ಬಣ್ಣಬಣ್ಣದ ಚೌಕಗಳಾಗಿರುತ್ತದೆ. ನೀರು ಕುಡಿಯುವುದಕ್ಕೂ ಒಂದು ಚೌಕ. ಅವತ್ತು ಎರಡು ಇಡ್ಲಿ ಕಿವಿಗೆ ಮುಚ್ಚಿಕೊಂಡಂತಿದ್ದ ಹೆಡ್‌ಫೋನ್ ಹಾಕಿಕೊಂಡು ಬಂದಿದ್ದಳು.

“ಏಕಾಗ್ರತೆಗೆ ಕಣಕ್ಕಾ. ಹೊರಗಡೆ ಗಲಾಟೆ ಏನೂ ಕೇಳ್ಸಲ್ಲ. ಒಳಗೆ ಒಂದೇ ಸಮ ಒಂದು ಸೌಂಡ್ ಬರ್ತಿರುತ್ತೆ. ಅದು ನಿಲ್ಲೋವರ್ಗೂ ಕೆಲಸ, ನಿಂತ್ಮೇಲೆ ರೆಸ್ಟು. ಇದಕ್ಕೆ ಅಂತ್ಲೇ ಒಂದು ಆನ್‌ಲೈನ್ ಕೋರ್ಸಿದೆ, ಸೇರ್ಕೊಂಡಿದೀನಿ.”

ನನ್ನ ಕಿವಿಗೂ ಹಾಕಿದಳು. ಗುರ್ರ್ ಎಂದು ಒಂದೇ ಸಮನೆ ಸದ್ದು. ನೀವು ನಂಬುತ್ತೀರೋ ಇಲ್ಲವೋ, ಆ ಆಫೀಸಿನ ಏಸಿಯಲ್ಲಿ, ಫೈಲುಗಳ ಧೂಳಿನ ನಡುವೆ, ನನ್ನ ಮೂಗಿಗೆ ನೆನೆದ ಉದ್ದಿನಬೇಳೆಯ ವಾಸನೆ ಬಡಿಯಿತು.

“ಯಾಕಕ್ಕಾ ನಗ್ತೀರಾ?”

“ಈ ಕೋರ್ಸು ನಾನೂ ಮಾಡಿದೀನಿ ಕಣೇ. ನಮ್ಮಮ್ಮನ ಹತ್ರ.”

ರಾಮಕೃಷ್ಣನಗರದಲ್ಲಿ, ಒಂದು ದೊಡ್ಡ ಮನೆಯ ಹಿಂಭಾಗದ ಎರಡು ಕೋಣೆ ನಮ್ಮದು. ಮುಂದಿನ ಕೋಣೆಯಲ್ಲಿ ನಾವಿದ್ದೆವು ಎನ್ನುವುದಕ್ಕಿಂತ, ಗ್ರೈಂಡರ್ ಇತ್ತು, ಉಳಿದ ಜಾಗದಲ್ಲಿ ನಾವಿದ್ದೆವು ಎನ್ನುವುದು ಸರಿ. ಅಮ್ಮ ಇಡ್ಲಿ ದೋಸೆ ಹಿಟ್ಟು ರುಬ್ಬುತ್ತಿದ್ದರು. ಅಪ್ಪ ಅದನ್ನು ಕ್ಯಾನುಗಳಲ್ಲಿ ತುಂಬಿ ಸ್ಕೂಟರಿನಲ್ಲಿ ಪಿ.ಜಿ.ಗಳಿಗೆ, ಕ್ಯಾಂಟೀನುಗಳಿಗೆ ಮುಟ್ಟಿಸಿ ಬರುತ್ತಿದ್ದರು. ಅಕ್ಕಪಕ್ಕದವರು ಪಾತ್ರೆ ಹಿಡಿದು ಬಾಗಿಲಿಗೇ ಬರುತ್ತಿದ್ದರು. ಹಿಟ್ಟಿಗೆ ಬಂದವರು ಬರೀ ಹಿಟ್ಟು ತೆಗೆದುಕೊಂಡು ಹೋದ ಉದಾಹರಣೆ ಮೈಸೂರಿನಲ್ಲಿ ಇಲ್ಲ. ಮಗಳ ಮದುವೆ, ಮಂಡಿನೋವು, ಮಹಡಿ ಮನೆಯವರ ನಾಯಿ, ಎಲ್ಲ ಆಗಬೇಕು. ನಡುನಡುವೆ “ಪುಟ್ಟೀ, ಸ್ಟೂಲ್ ತತ್ತಾ”, “ಪುಟ್ಟೀ, ಅಪ್ಪಂಗೆ ಫೋನ್ ಮಾಡು.” ಹಗಲೆಲ್ಲ ಆಫೀಸು, ಬಂದರೆ ಇದು. ದೂರಶಿಕ್ಷಣದಲ್ಲಿ ಬಿ.ಕಾಂ.ಗೆ ಸೇರಿದ್ದ ನನಗೆ ಪುಸ್ತಕ ತೆರೆಯುವುದಕ್ಕೆ ಜಾಗವಿತ್ತು, ಓದುವುದಕ್ಕೆ ಇರಲಿಲ್ಲ.

ನಾನೂ ರಕ್ಷಿತಾಳ ಹಾಗೆ ಎಲ್ಲ ಉಪಾಯ ಮಾಡಿ ನೋಡಿದೆ. ಬೆಳಗಿನ ಐದಕ್ಕೆ ಎದ್ದರೆ ಬದುಕು ಬದಲಾಗುತ್ತದೆ ಎಂದು ಫೋನಿನಲ್ಲಿ ಯಾರೋ ಹೇಳಿದರು. ಎದ್ದೆ. ಅಪ್ಪ ನಾಲ್ಕೂವರೆಗೇ ಎದ್ದು ಕ್ಯಾನುಗಳನ್ನು ಗಡಗಡಿಸುತ್ತಿದ್ದವರು, “ಎದ್ಬುಟ್ಟಾ? ಒಳ್ಳೇದಾಯ್ತು, ಆ ಕಡೆ ಹಿಡ್ಕೊ” ಎಂದರು. ಬದುಕು ಬದಲಾಗಲಿಲ್ಲ, ಸೊಂಟ ಹಿಡಿದುಕೊಂಡಿತು. ಆಮೇಲೆ ಫೋನಿನಲ್ಲಿ ಒಂದು ಗಿಡ ಬೆಳೆಸುವ ಆಟ ಹಾಕಿಕೊಂಡೆ. ಓದುವಷ್ಟು ಹೊತ್ತು ಫೋನು ಮುಟ್ಟದಿದ್ದರೆ ಗಿಡ ಮರವಾಗುತ್ತದೆ, ಮುಟ್ಟಿದರೆ ಸಾಯುತ್ತದೆ. ನಮ್ಮ ಮನೆಯಲ್ಲಿ ಹಿಟ್ಟಿನ ಆರ್ಡರೆಲ್ಲ ಬರುತ್ತಿದ್ದದ್ದು ಅದೇ ಫೋನಿಗೆ. ಒಂದೇ ತಿಂಗಳಲ್ಲಿ ನಾನು ಒಂದು ಕಾಡನ್ನು ಕೊಂದೆ.

ಕೊನೆಗೆ ದಾರಿ ತೋರಿಸಿದ್ದು ಗ್ರೈಂಡರ್. ಅದು ಶುರುವಾಯಿತೆಂದರೆ ಮನೆಯಲ್ಲಿ ಮಾತು ಸಾಧ್ಯವಿಲ್ಲ. ಬಾಗಿಲಿಗೆ ಬಂದವರು ಕೈಸನ್ನೆ ಮಾಡಿ, ಅಮ್ಮನೂ ಕೈಸನ್ನೆ ಮಾಡಿ, “ಆಮೇಲೆ ಬರ್ತೀನಿ” ಎಂದು ಹೊರಟುಹೋಗುತ್ತಿದ್ದರು. ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ಕರೆದರೂ ನನಗೆ ಕೇಳಿಸಿಲ್ಲ ಎಂಬುದಕ್ಕೆ ಕಾರಣ ಕಣ್ಣೆದುರಿಗೇ ತಿರುಗುತ್ತಿತ್ತು. ಅದು ನಿಂತ ಮೇಲೆ ಅಮ್ಮನನ್ನು “ಏನೋ ಹೇಳ್ಬೇಕು ಅಂದ್ಯಲ್ಲ” ಎಂದು ಕೇಳಿದರೆ, “ಏನೋ ಇತ್ತು, ಮರ್ತೋಯ್ತು ಬುಡು” ಎನ್ನುತ್ತಿದ್ದರು. ಕಾಲ ನಿರ್ವಹಣೆಯ ಬಗ್ಗೆ ನನಗೆ ತಿಳಿದಿರುವ ದೊಡ್ಡ ಸತ್ಯ ಇದೊಂದೇ: ಅರ್ಧ ಗಂಟೆ ತಡೆದರೆ ಲೋಕದ ಅರ್ಧ ತುರ್ತುಕೆಲಸಗಳು ತಾವಾಗಿಯೇ ಸತ್ತುಹೋಗುತ್ತವೆ.

ಹೀಗೆ ನಾನು ಸಂಜೆ ಗ್ರೈಂಡರಿನ ಪಕ್ಕ, ಅಕ್ಕಿಮೂಟೆಗೆ ಒರಗಿ ಬಾಯಿಬಿಟ್ಟು ಓದತೊಡಗಿದೆ. ಎದುರಿಗೆ ಅಮ್ಮ ಚೊಂಬಿನಿಂದ ನೀರು ಚಿಮುಕಿಸುತ್ತ, ಅಂಚಿಗೆ ಮೆತ್ತಿದ್ದನ್ನು ಒಳಕ್ಕೆ ತಳ್ಳುತ್ತ ಕೂತಿರುತ್ತಿದ್ದರು. ಉದ್ದಿಗೆ ಮೆತ್ತನೆಯ ಸದ್ದು, ಆಗ ವಾಣಿಜ್ಯ ಕಾನೂನು. ಅಕ್ಕಿಗೆ ಕರಕರ, ಆಗ ಲೆಕ್ಕ. ಕನ್ನಡ ಭಾಷಾಪತ್ರಿಕೆಗೆ ಮೆಂತ್ಯ ರುಬ್ಬುವಷ್ಟು ಹೊತ್ತೇ ಸಾಕಾಗುತ್ತಿತ್ತು. ಹೀಗೆಯೇ ಒಂದೊಂದಾಗಿ ಪಾಸಾದೆ. ಹೆಮ್ಮೆಯಿಂದ ಹೇಳುತ್ತೇನೆ, ಅಂಕಗಳೂ ಕೆಟ್ಟದಾಗಿರಲಿಲ್ಲ.

ಉಳಿದದ್ದು ಒಂದೇ ಪೇಪರು, ವೆಚ್ಚ ಲೆಕ್ಕಶಾಸ್ತ್ರ. ಅದರಲ್ಲಿ ಫೇಲಾದೆ. ಮತ್ತೆ ಕಟ್ಟಿದೆ, ಮತ್ತೆ ಫೇಲಾದೆ. ಬರದ ವಿಷಯವಲ್ಲ, ಮನೆಯಲ್ಲಿ ಎಲ್ಲ ಬರುತ್ತಿತ್ತು. ಆದರೆ ಮೊದಲಿನ ಗಲಾಟೆಯ ಪರೀಕ್ಷಾ ಕೇಂದ್ರ ಬದಲಾಗಿ, ಆ ಎರಡು ಸಲವೂ ಹಾಕಿದ್ದು ಒಂದು ಹೊಸ ಕಟ್ಟಡಕ್ಕೆ. ಫ್ಯಾನಿಗೂ ಸದ್ದಿಲ್ಲ. ಹಾಲಿನಲ್ಲಿ ಯಾರೋ ಪೆನ್ನಿನ ಕ್ಯಾಪ್ ತೆಗೆದರೂ ಕೇಳುತ್ತಿತ್ತು. ಅಂಥ ನಿಶ್ಶಬ್ದದಲ್ಲಿ ನಾನು ಯಾವತ್ತೂ ಕೂತವಳೇ ಅಲ್ಲ. ಪ್ರಶ್ನೆ ಓದಿದೆ, ಒಳಗಿನಿಂದ ಏನೂ ಬರಲಿಲ್ಲ. ಕರೆಂಟು ಹೋದಾಗ ಕಲ್ಲು ತಿರುಗುವುದನ್ನು ನಿಲ್ಲಿಸುತ್ತದಲ್ಲ, ಹಾಗೆ. ಏಕಾಗ್ರತೆಗೆ ನಾನು ಕಂಡುಕೊಂಡ ಉಪಾಯವೇ ನನ್ನನ್ನು ಕೆಡವಿತ್ತು. ಇದನ್ನು ಯಾರಿಗಾದರೂ ಹೇಗೆ ಹೇಳುವುದು? ಸದ್ದಿಲ್ಲದ್ದಕ್ಕೆ ಫೇಲಾದೆ ಎಂದರೆ ನಗುತ್ತಾರೆ.

ಮೂರನೆಯ ಸಲ ಕಟ್ಟಿದಾಗ ಇನ್ನೊಂದು ಸಂಕಟವಿತ್ತು. ನನ್ನ ನೋಂದಣಿಯ ಅವಧಿ ಅಲ್ಲಿಗೆ ಮುಗಿಯುತ್ತಿತ್ತು. ಈ ಸಲ ಆಗಲಿಲ್ಲವೆಂದರೆ ಪಾಸಾದದ್ದೆಲ್ಲ ನೀರಿನಲ್ಲಿ ಹೋಮ. ಮತ್ತೆ ಮೊದಲ ವರ್ಷದಿಂದ ಸೇರಬೇಕು. ಅಷ್ಟು ಧೈರ್ಯ ನನ್ನಲ್ಲಿ ಉಳಿದಿರಲಿಲ್ಲ. ಪರೀಕ್ಷೆ ಬಿದ್ದದ್ದು ಯಾವಾಗ? ಹೋದ ವರ್ಷ ದಸರಾ ಮುಗಿದ ಸೋಮವಾರ.

ಮೈಸೂರಿನಲ್ಲಿ ಮನೆಯಿರುವವರಿಗೆ ದಸರಾ ಎಂದರೇನೆಂದು ನಾನು ವಿವರಿಸಬೇಕಿಲ್ಲ. ಎರಡು ಕೋಣೆಗೆ ಮದ್ದೂರಿನಿಂದ ಮಾವನ ಸಂಸಾರವಿಡೀ ಇಳಿಯಿತು. ಅದಕ್ಕಿಂತ ಹೆಚ್ಚಾಗಿ, ಅಮ್ಮ ಸರಸ್ವತಿ ಪೂಜೆಗೆ ನನ್ನ ಪುಸ್ತಕಗಳನ್ನೆಲ್ಲ ಎತ್ತಿ ದೇವರ ಮುಂದೆ ಇಟ್ಟರು. ವಿಜಯದಶಮಿಯ ಪೂಜೆಯವರೆಗೆ ಮುಟ್ಟುವಂತಿಲ್ಲ. ಆಯುಧಪೂಜೆಯ ದಿನ ಗ್ರೈಂಡರಿಗೆ ಎಣ್ಣೆ ನೀರು, ಅರಿಶಿನ ಕುಂಕುಮ, ಮೊಳದುದ್ದ ಚೆಂಡುಹೂವಿನ ಹಾರ. ದಶಮಿ ದಾಟುವವರೆಗೆ ಅದಕ್ಕೂ ರಜೆ. ವಿದ್ಯೆಯೂ ಪೂಜೆಯಲ್ಲಿ, ವಿದ್ಯೆ ಕಲಿಸುವ ಯಂತ್ರವೂ ಪೂಜೆಯಲ್ಲಿ.

ವಿಜಯದಶಮಿಯ ಬೆಳಗ್ಗೆ ಪುಸ್ತಕ ಕೈಗೆ ಬಂತು. ಮಧ್ಯಾಹ್ನ ಎಲ್ಲರೂ ಜಂಬೂಸವಾರಿಗೆ ಹೊರಟರು. ಕಾಲುನೋವೆಂದು ಮಾವ ಮಾತ್ರ ಉಳಿದರು. ಮನೆ ಸ್ತಬ್ಧವಾಯಿತು. ನಾನು ಪುಸ್ತಕ ತೆರೆದೆ. ಅದೇ ಪರೀಕ್ಷಾ ಹಾಲಿನ ಮೌನ. ಅಕ್ಷರಗಳು ಕಾಣುತ್ತಿದ್ದವು, ತಲೆಗೆ ಇಳಿಯುತ್ತಿರಲಿಲ್ಲ. ಎದ್ದು ಹೋಗಿ ಗ್ರೈಂಡರಿನ ಸ್ವಿಚ್ಚಿನ ಮೇಲೆ ಬೆರಳಿಟ್ಟೆ. ಹಾರ ಹಾಕಿಸಿಕೊಂಡ ಅದು ಮದುಮಗನ ಹಾಗೆ ಸುಮ್ಮನೆ ಕೂತಿತ್ತು. ಒತ್ತಲು ಮನಸ್ಸಾಗಲಿಲ್ಲ. ಅಲ್ಲಿಯೇ ಕುಸಿದು ಕೂತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಅತ್ತುಬಿಟ್ಟೆ.

ಮಾವ ಬಾಗಿಲಿಗೆ ಬಂದು ನಿಂತರು. “ಏನವ್ವಾ? ಆನೆ ನೋಡಕ್ಕೆ ಕರ್ಕೊಂಡೋಗ್ಲಿಲ್ಲ ಅಂತ್ಲಾ?”

“ಓದಿದ್ದು ಹತ್ತಲ್ಲ ಮಾವ.”

“ಏನದು ಅಂಥಾದ್ದು? ನನಗೇಳು, ನೋಡನ.”

ಬೇಡವೆಂದರೂ ಬಿಡಲಿಲ್ಲ. ಬಸ್ಸಿನಲ್ಲಿ ಟಿಕೆಟ್ ಕೇಳಿದಂತೆ ಎದುರಿಗೇ ನಿಂತರು. ಸರಿ ಎಂದು ಶುರುಮಾಡಿದೆ. ಸರಕು ತಯಾರಾಗುವಾಗ ಒಂದಿಷ್ಟು ಕಳೆದುಹೋಗುತ್ತದೆ, ಅದು ಸಹಜ ನಷ್ಟ. ಅದಕ್ಕಿಂತ ಹೆಚ್ಚು ಹೋದರೆ ಅಸಹಜ ನಷ್ಟ ಎಂದೆ.

“ನಷ್ಟ ಅಂದ್ರೆ ನಷ್ಟ ಕಣವ್ವಾ! ಅದ್ರಲ್ಲೇನು ಮಾಮೂಲಿ, ಗೈರುಮಾಮೂಲಿ?”

“ಕಲ್ಲಿಗೆ ಒಂದಿಷ್ಟು ಹಿಟ್ಟು ಮೆತ್ಕೊಳ್ಳುತ್ತಲ್ಲ ಮಾವ, ಅದು ಯಾವತ್ತೂ ಇರೋದೇ. ಅದು ಸಹಜ. ಅಪ್ಪ ಸ್ಕೂಟರಿಂದ ಕ್ಯಾನ್ ಬೀಳಿಸ್ಕೊಂಡ್ರೆ ಅಸಹಜ.”

“ಹಂಗಾದ್ರೆ ನಮ್ ಬಸ್ಸಲ್ಲಿ ನಾಕ್ ಜನ ಟಿಕೆಟ್ ಇಲ್ದೆ ಇಳ್ದೋದ್ರೆ, ಅದು ಮಾಮೂಲೀನಾ?”

“ಅದು ನಷ್ಟ ಅಲ್ಲ ಮಾವ. ಅದು ಸಸ್ಪೆನ್ಷನ್.”

ಮಾವ ಗಹಗಹಿಸಿ ನಕ್ಕು ನೆಲದ ಮೇಲೆ ಕೂತೇಬಿಟ್ಟರು. ಆಮೇಲೆ ಅವರು ಒಪ್ಪಲಿಲ್ಲ, ನಾನು ಬಿಡಲಿಲ್ಲ. ಒಂದೊಂದು ಅಧ್ಯಾಯಕ್ಕೂ ಜಗಳ. ಸಹಜ ನಷ್ಟವನ್ನು ಒಳ್ಳೆಯ ಸರಕಿನ ಮೇಲೆ ಹೊರಿಸುತ್ತಾರೆ ಎಂದರೆ, “ಇದ್ಯಾವ ನ್ಯಾಯ? ತಪ್ಪು ಮಾಡ್ದೋನು ಒಬ್ಬ, ಕಟ್ಟೋನು ಇನ್ನೊಬ್ಬ?” ಎಂದು ಮೈಮೇಲೆ ಬಂದರು. ನಾನು ಗಂಟಲೇರಿಸಿ ಹೇಳಿದೆ. ಬೇರೆ ಮಾತಿನಲ್ಲಿ ಹೇಳಿದೆ. ನೆಲದ ಮೇಲೆ ಬೇಳೆ ಅಕ್ಕಿ ಇಟ್ಟು ಹೇಳಿದೆ. ಪುಸ್ತಕ ಯಾವಾಗ ಮುಚ್ಚಿದೆನೋ ಗೊತ್ತಿಲ್ಲ. ಮೆರವಣಿಗೆ ನೋಡಿ ಎಲ್ಲರೂ ಕಾಲೆಳೆದುಕೊಂಡು ಬಂದಾಗ ನಾವಿಬ್ಬರೂ ಕಿತ್ತಾಡುತ್ತಿದ್ದುದು ಗೇಟಿಗೇ ಕೇಳಿಸಿತಂತೆ. ಊರಿಗೆ ಹೊರಡುವಾಗ ಮಾವ ಚೀಲ ಎತ್ತಿಕೊಂಡು, “ಹೇಳ್ಕೊಡೋದೇನೋ ಚೆನ್ನಾಗಿ ಹೇಳ್ಕೊಡ್ತಾಳೆ. ಪಾಸಾಗೋದು ಡೌಟೇ” ಎಂದರು.

ಸೋಮವಾರ ಅದೇ ಹಾಲು, ಅದೇ ಮೌನ. ಪ್ರಶ್ನೆಪತ್ರಿಕೆ ತಿರುಗಿಸಿದೆ. ಅಷ್ಟರಲ್ಲಿ ಒಳಗಿನಿಂದ ಒಂದು ದನಿ, “ಇದ್ಯಾವ ನ್ಯಾಯ?” ಎಂದಿತು. ನ್ಯಾಯ ಹೇಳ್ತೀನಿ ತಾಳಿ ಮಾವ ಎಂದು ಪೆನ್ನು ತೆಗೆದೆ. ಒಂದೊಂದು ಉತ್ತರವನ್ನೂ ಅವರ ಬಾಯಿ ಮುಚ್ಚಿಸಲೆಂದೇ ಬರೆದೆ. ಎರಡು ಬಾರಿ ಹೆಚ್ಚುವರಿ ಹಾಳೆ ಕೇಳಿದಾಗ ಮೇಲ್ವಿಚಾರಕಿ ನನ್ನ ಮುಖ ನೋಡಿದರು. ಜಗಳಗಂಟಿ ಕಳೆ ಇದ್ದಿರಬೇಕು.

ಪಾಸಾದೆ. ಮಾವನಿಗೆ ಫೋನ್ ಮಾಡಿದೆ. “ನಾನ್ ಹೇಳ್ಕೊಟ್ಟಿದ್ದು ಅಂತ ಎಲ್ರಿಗೂ ಹೇಳ್ತೀನಿ” ಎಂದರು. ಹೇಳಿಕೊಳ್ಳಲಿ. ಒಂದು ಮಟ್ಟಿಗೆ ನಿಜವೇ.

ಇದನ್ನೆಲ್ಲ ಕೇಳಿದ ರಕ್ಷಿತಾ ಹೆಡ್‌ಫೋನ್ ಕೈಯಲ್ಲಿ ಹಿಡಿದು, “ಹಂಗಾದ್ರೆ ಇದು ವೇಸ್ಟಾ ಅಕ್ಕಾ?” ಎಂದಳು. ವೇಸ್ಟಲ್ಲ, ಹಾಕಿಕೋ ಎಂದೆ. ಆದರೆ ದಿನಕ್ಕೊಂದು ಸಲ ಅದನ್ನು ತೆಗೆದಿಟ್ಟು, ಕಲಿತದ್ದನ್ನು ನಿನ್ನನ್ನು ನಂಬದ ಒಬ್ಬರಿಗೆ ಹೇಳಿ ನೋಡು ಎಂದೆ. ಅವಳು ಯೋಚಿಸಿ, “ನಮ್ಮತ್ತೆ ಇದಾರೆ” ಎಂದಳು. ಫೋನಿನಲ್ಲಿ ಅತ್ತೆಗೂ ಒಂದು ಚೌಕ ಬಿತ್ತು.

ಮೊನ್ನೆ ಶನಿವಾರ ಘಟಿಕೋತ್ಸವ. ಅಪ್ಪ ಇಸ್ತ್ರಿ ಅಂಗಿ, ಅಮ್ಮ ಮದುವೆಮನೆ ಸೀರೆ. ನನ್ನ ಹೆಸರು ಕೂಗಿದರು, ಹೋದೆ, ಪ್ರಮಾಣಪತ್ರ ಕೊಟ್ಟರು. ಹೊರಗೆ ಮರದ ಕೆಳಗೆ ನಿಂತಿದ್ದ ಅಮ್ಮನ ಕೈಗೆ ಅದನ್ನಿಟ್ಟೆ. ಏಳನೆಯ ತರಗತಿಯವರೆಗೆ ಓದಿರುವ ಅಮ್ಮ ತಾನೇ ಓದಿಕೊಳ್ಳಬಹುದಿತ್ತು. ಆದರೆ ಸೆರಗಿನಿಂದ ಕೈ ಒರೆಸಿಕೊಂಡು ಒಂದು ಸಲ ಸವರಿ, ನನಗೇ ವಾಪಸು ಕೊಟ್ಟರು.

“ನಮ್ಮಣ್ಣ ಊರಿಗೆಲ್ಲ ಹೇಳ್ಕೊಂಡು ತಿರುಗ್ತಾವ್ನೆ, ನನ್ ಮುಂದೆ ಕೂತು ಪಾಠ ಒಪ್ಪಿಸ್ದ್ಲು ಅಂತ. ಇಷ್ಟು ವರ್ಷ ನಿನ್ನ ಎದುರಿಗೆ ಕೂತಿದ್ದೋಳು ನಾನು ಕಣೇ. ಬಾಯಿ ಅಲ್ಲಾಡೋದು ನೋಡ್ತಿದ್ದೆ. ಒಂದಕ್ಷರ ಕಿವಿಗೆ ಬಿದ್ದಿಲ್ಲ. ಓದು ಈಗ, ಜೋರಾಗಿ. ಮೊದಲ್ನೇ ಸಾಲಿಂದ.”