ಅಂಗೈಗೆ ಬಿದ್ದ ಕೆಂಪು ವೈನು

ನಾಗಮಂಗಲದ ನನ್ನ ಷಡ್ಡಕರು ನನ್ನನ್ನೂ ನನ್ನ ಹೆಂಡತಿಯನ್ನೂ ಶ್ರೀರಂಗಪಟ್ಟಣದ ಕಡೆ ವೈನ್ ಮಾಡುವ ಒಂದು ದ್ರಾಕ್ಷಿ ತೋಟಕ್ಕೆ ಕರೆದೊಯ್ದಿದ್ದರು. ಅವರು ಗಾಜಿನ ಲೋಟ ತಿರುಗಿಸಿ, ಮೂಸಿ, "ನೇರಳೆ ಹಣ್ಣಿನ ಘಮ ಅದೆ" ಎಂದರು.

"ನಮ್ ಭಾವಂಗೆ ಏನೇನೆಲ್ಲಾ ಗೊತ್ತು ನೋಡ್ರೀ!" ಎಂದು ನನ್ನ ಹೆಂಡತಿ ಕಣ್ಣರಳಿಸಿದಳು. ನಾನು ಮಾಡಿದ ಯಾವ ಪೂಜೆಗೂ ಅವಳು ಹಾಗೆ ಕಣ್ಣರಳಿಸಿದವಳಲ್ಲ. ಹೊಟ್ಟೆ ಉರಿಯಿತು.

"ನಂಗೂ ಒಸಿ ಹಾಕವ್ವ" ಎಂದು ವೈನ್ ಸುರಿಯುತ್ತಿದ್ದ ಹೆಂಗಸಿನ ಮುಂದೆ ಕೈ ಚಾಚಿದೆ. ದೇವಸ್ಥಾನದ ರೂಢಿ, ಅಂಗೈ ತಾನಾಗಿಯೇ ಗುಳಿಯಾಗಿತ್ತು. ಆಕೆ ನಗುತ್ತಲೇ ಹನಿಸಿದರು. ಕುಡಿದವನು ಕೈಯನ್ನು ತಲೆಗೆ ಸವರಿಕೊಂಡೆ.

"ಏನಯ್ಯಾ, ತೀರ್ಥ ಅಂದ್ಕಂಡ್ಯಾ?" ಷಡ್ಡಕರು ಬಿದ್ದು ಬಿದ್ದು ನಕ್ಕರು.

ಅಷ್ಟರಲ್ಲಿ ನನ್ನ ಪಕ್ಕದಲ್ಲಿ ಇನ್ನೊಂದು ಅಂಗೈ ಹಾಗೆಯೇ ಚಾಚಿಕೊಂಡಿತ್ತು. ನನ್ನ ಹೆಂಡತಿಯದು.

ವಾಪಸು ಬರುವಾಗ ಆ ನೇರಳೆಯ ಘಮ ನನಗೂ ತಿಳಿಯಿತು, ನಮ್ಮಿಬ್ಬರ ತಲೆಯಿಂದ.