ಎಂಟನೆಯ ದಿನದ ಫೋನು

ಕೊಪ್ಪಳದಲ್ಲಿ ಯಮನೂರನ ದಾರಿ ಕಾಯುವ ಹೆಂಗಸರು ಏನಿಲ್ಲವೆಂದರೂ ಆರುನೂರು ಮಂದಿ. ಈ ಮಾತನ್ನು ಅವನೇ ಹೇಳಿಕೊಳ್ಳುತ್ತಿದ್ದ. ಕೇಳಿದವರು ಹುಬ್ಬೇರಿಸುವ ಮೊದಲೇ, “ನಂದಲ್ಲೋ ಮಾರಾಯಾ, ನನ್ನ ಕೀಲೀದು” ಎಂದು ತನ್ನ ಗಾಳಿ ತಾನೇ ಬಿಡಿಸಿಬಿಡುತ್ತಿದ್ದ. ಆ ಕೀಲಿ ಅಂದರೆ ಎದೆಯುದ್ದದ ಕಬ್ಬಿಣದ ಸಲಾಕೆ, ಮೇಲೊಂದು ಅಡ್ಡ ಹಿಡಿಕೆ. ರಸ್ತೆ ಬದಿಯ ಗುಂಡಿಯ ಮುಚ್ಚಳ ಸರಿಸಿ, ಅದನ್ನು ಇಳಿಬಿಟ್ಟು ವಾಲ್ ತಿರುಗಿಸಿದರೆ ಒಂದು ಓಣಿಯ ನಲ್ಲಿಗಳಿಗೆಲ್ಲ ಜೀವ ಬರುತ್ತದೆ. ಅವನ ಪಾಲಿನ ಎಂಟು ಓಣಿಗಳಿಗೆ ಎಂಟು ದಿನ. ಒಂದೊಂದಕ್ಕೆ ಒಂದೊಂದು ದಿನದ ಪಾಳಿ.

ಅಳವಂಡಿಯಿಂದ ಐಟಿಐ ಓದಲು ಬಂದವನು ಓದು ಮುಗಿದ ಮೇಲೂ ಇಲ್ಲಿಯೇ ಉಳಿದುಕೊಂಡಿದ್ದ. ಊರಿನ ಹಿರಿಯರು “ಗೌರ್ಮೆಂಟ್ ನೌಕರಿ ಏನಪಾ?” ಎಂದರೆ, “ನೀರು ಗೌರ್ಮೆಂಟಿಂದು, ಮನುಷ್ಯಾ ಗುತ್ತಿಗೀದಂವ” ಎನ್ನುತ್ತಿದ್ದ. ಊರಿಗೆಲ್ಲ ನೀರು ಬಿಡುವ ಈ ಭೂಪ ತನ್ನ ಬಾಡಿಗೆ ಕೋಣೆಗೆ ಮರಳುವ ಹೊತ್ತಿಗೆ ಮನೆಯೊಡತಿ ದಾವಲಬೀಯ ಡ್ರಮ್ಮುಗಳೆಲ್ಲ ತುಂಬಿ, ನಲ್ಲಿ ಬರೀ ಗೊರಗೊರ ಅನ್ನುತ್ತಿರುತ್ತಿತ್ತು. ಅವಳು ಕರುಣೆಯಿಂದ ಕೊಟ್ಟ ಎರಡು ಬಕೆಟ್ಟಿನಲ್ಲಿ ಅವನ ಸ್ನಾನ, ಬಟ್ಟೆ ಒಗೆತ, ಅಡುಗೆ ಎಲ್ಲವೂ ಆಗಬೇಕು. ಒಗೆತ ಯಾವತ್ತೂ ಆಗಿರಲಿಲ್ಲ ಎನ್ನಿ.

ಅವನ ಎಂಟು ದಿನಗಳಲ್ಲಿ ಏಳು ಬರೀ ದಿನಗಳು. ಎಂಟನೆಯದು ಹಳೇ ಸಾಲಿ ಓಣಿಯ ಪಾಳಿ. ಅಂದು ಬೆಳಿಗ್ಗೆ ಏಳಕ್ಕೆ ನೀರು ಬಿಡಬೇಕು. ಅವನು ಏಳಕ್ಕೇ ಗುಂಡಿಯ ಹತ್ತಿರ ಬಂದು, ಮುಚ್ಚಳ ಸರಿಸಿ, ಕೀಲಿಗೆ ಒರಗಿ ಸುಮ್ಮನೆ ನಿಲ್ಲುತ್ತಿದ್ದ. ಏಳೂಹತ್ತಕ್ಕೆ ಫೋನು.

“ಹಲೋ, ಇನ್ನಾ ಬಿಟ್ಟಿಲ್ಲೇನ್ರೀ?”

ಓಣಿಯ ಕೊನೆಯ ಮನೆಯ ರಂಜಿತಾ. ಅಂಗನವಾಡಿಯ ಅನ್ನಪೂರ್ಣ ಟೀಚರ ಮಗಳು. ಬಿ.ಎ. ಮುಗಿಸಿ ಮನೆಯಲ್ಲಿ ಬ್ಲೌಸು ಹೊಲಿಯುತ್ತಿದ್ದಳು.

“ಬಿಡಾಕ ಹತ್ತೀನ್ರಿ. ಒಂದೀಟ ವಾಲ್ ಬಿಗಿ ಆಗೇತಿ.”

“ಅದೇನ್ ಪ್ರತಿ ಸಲ ನಮ್ಮ ಓಣಿ ವಾಲಷ್ಟ ಬಿಗಿ ಆಕ್ಕೈತ್ರಿ?”

ವಾಲಿಗೆ ಏನೂ ಆಗಿರುತ್ತಿರಲಿಲ್ಲ. ಈ ಎರಡು ಮಾತಿಗಾಗಿ ಇಡೀ ಓಣಿಯನ್ನು ಹತ್ತು ನಿಮಿಷ ಒಣಗಿಸುತ್ತಿದ್ದ ಪುಣ್ಯಾತ್ಮ. ಎರಡು ವರ್ಷಗಳಿಂದ ಇದೇ ನಡೆದಿತ್ತು. ಅವಳ ಎದುರು ನಿಂತು ಮಾತಾಡಿದ್ದು ಒಂದೇ ಒಂದು ಸಲ. ಅದೂ ನಲ್ಲಿಯಲ್ಲಿ ಕೆಂಪು ನೀರು ಬಂದಾಗ. ಆದರೂ ಅವನಿಗೊಂದು ಆಸೆ. ಆರುನೂರು ಮಂದಿಯಲ್ಲಿ ಅವನನ್ನು ‘ಅಣ್ಣಾ’ ಎನ್ನದವಳು ಅವಳೊಬ್ಬಳೇ. ಈ ಒಂದು ಪುರಾವೆಯ ಮೇಲೆ ಅವನು ಮನಸ್ಸಿನಲ್ಲೇ ಎರಡು ಕೋಣೆಯ ಮನೆ ಮಾಡಿ, ಅಂಗಳದಲ್ಲಿ ದೊಡ್ಡ ಸಿಂಟೆಕ್ಸು ಕೂರಿಸಿ, ಹೊಲಿಗೆ ಯಂತ್ರಕ್ಕೆ ಕಿಟಕಿಯ ಬಳಿ ಜಾಗವನ್ನೂ ಬಿಟ್ಟಿದ್ದ.

ಹೋದ ಮಾಘದ ಒಂದು ಪಾಳಿಯಲ್ಲಿ ಅವಳು ಫೋನು ಇಡುವ ಮೊದಲು ಹೇಳಿದ್ದಳು: “ಮುಂದಿನ ಪಾಳಿಗೆ ತಡಾ ಮಾಡಬ್ಯಾಡ್ರಿ. ಮನಿಗೆ ಮಂದಿ ಬರೋರದಾರ.”

ಮಂದಿ ಎಂದರೆ ಯಾರು ಎಂದು ಬೇರೆ ಯಾರಾದರೂ ಆಗಿದ್ದರೆ ಕೇಳುತ್ತಿದ್ದರು. ಇವನು ‘ನನಗ ಬಾಯಿಬಿಟ್ಟು ಹೇಳ್ಯಾಳ’ ಎಂಬ ಖುಷಿಯಲ್ಲೇ ಎಂಟು ದಿನ ಕಳೆದ. ಆ ದಿನ ಏಳಕ್ಕೆ ಗುಂಡಿಯ ಬಳಿ ನಿಂತ. ಇವತ್ತಂತೂ ಅವಳು ಬೇಗ ಫೋನು ಮಾಡುತ್ತಾಳೆ, ಮಾಡಿದ ಕೂಡಲೇ ಬಿಟ್ಟರಾಯಿತು ಎಂದುಕೊಂಡ. ಏಳೂಹತ್ತಾಯಿತು. ಏಳೂಇಪ್ಪತ್ತಾಯಿತು. ಫೋನಿಗೆ ಸಿಗ್ನಲ್ ಇದೆಯೇ ಎಂದು ಎರಡು ಸಲ ನೋಡಿದ. ಏಳೂವರೆಗೆ ಒಂದು ಬಿಳಿ ಕಾರು ಅವನ ಪಕ್ಕದಲ್ಲೇ ಹಾದು ಓಣಿಯ ಕೊನೆಗೆ ಹೋಗಿ ನಿಂತಿತು.

ಸ್ವಲ್ಪ ಹೊತ್ತಿಗೆ ಎದುರು ಮನೆಯ ಖಾಜಾಬೀ ಸೊಂಟದ ಮೇಲೆ ಅರ್ಧ ಕೊಡ ಹೊತ್ತು ಅವಸರದಲ್ಲಿ ಹೊರಬಂದಳು. ಇವನನ್ನು ಕಂಡು ನಿಂತಳು.

“ಅಯ್ಯ ನಿನ್ನ, ಇಲ್ಲೇ ನಿಂತೀಯಲ್ಲೋ! ರಂಜೀನ್ನ ನೋಡಾಕ ಕುಷ್ಟಗಿಯಿಂದ ಬೀಗರು ಬಂದಾರ. ಕಾಲಿಗೆ ನೀರು ಕೊಡಾಕ ಮನಿಯಾಗ ಹನಿ ನೀರಿಲ್ಲ. ಟೀಚರ್ ಮುಖ ಅಡಗಿಸ್ಕೊಂಡು ನಿಂತಾಳ. ಇದ್ದದ್ದ ನಾನ ಒಯ್ಯಾಕತ್ತೀನಿ.”

ಬಂದವರಿಗೆ ಹೊಸ್ತಿಲಲ್ಲಿ ಮೊದಲು ಚರಿಗೆ ನೀರು ಕೊಡದ ಮನೆಯೆಂದರೆ ಈ ಸೀಮೆಯಲ್ಲಿ ಅದು ಎಂಥ ಮಾತು ಎಂದು ಯಮನೂರನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೀಲಿ ತಿರುಗಿಸತೊಡಗಿದ. ಅಷ್ಟರಲ್ಲಿ ಹಿತ್ತಲ ಸಂದಿಯಿಂದ ರಂಜಿತಾ ಬಂದಳು. ಹಸಿರು ರೇಷ್ಮೆ ಸೀರೆ, ಕೈಯಲ್ಲಿ ಖಾಲಿ ಬಿಂದಿಗೆ.

“ನೀವು ಬೇಕಂತ ತಡಾ ಮಾಡ್ತೀರಿ ಅನ್ನೂದು ನನಗ ಮೊದಲಿಂದ ಗೊತ್ತೈತ್ರಿ,” ಎಂದಳು. ಸಿಟ್ಟಿನ ದನಿ ಅದಲ್ಲ, ಸಿಟ್ಟಾಗಿದ್ದರೆ ತಡೆದುಕೊಳ್ಳಬಹುದಿತ್ತು. “ಗೊತ್ತಿದ್ದೇ ಫೋನ್ ಮಾಡ್ತಿದ್ದೆ. ಇವತ್ತೊಂದಿನ ಬ್ಯಾಡ ಅಂತ ಹೇಳಿದ್ದೆ ಅಲ್ರಿ?”

“ಹೌದ್ರಿ” ಎಂದ. ಎರಡು ವರ್ಷ ಜೋಡಿಸಿಟ್ಟ ಮಾತುಗಳಲ್ಲಿ ಹೊರಗೆ ಬಂದದ್ದು ಅಷ್ಟೇ.

ಕುಷ್ಟಗಿಯವರು ನೀರಿನ ಬರ ಕಂಡವರೇ. ಖಾಜಾಬೀಯ ಅರ್ಧ ಕೊಡದಲ್ಲೇ ಕಾಲು ತೊಳೆದು, ನಕ್ಕು, ಉಪ್ಪಿಟ್ಟು ತಿಂದು, ಹುಡುಗಿಯನ್ನು ಒಪ್ಪಿಕೊಂಡು ಹೋದರು. ಆ ದಿನ ಯಮನೂರ ಹಳೇ ಸಾಲಿ ಓಣಿಗೆ ಒಂದು ತಾಸು ಹೆಚ್ಚಿಗೆ ನೀರು ಬಿಟ್ಟ. ಗಟಾರು ತುಂಬಿ ಹರಿಯಿತು. ಮರುದಿನ ಮೇಸ್ತ್ರಿ ಬೈದ. ಬೈಸಿಕೊಂಡಾಗ ಅವನಿಗೆ ಸ್ವಲ್ಪ ಹಗುರೆನಿಸಿತು.

ಆಮೇಲಿನ ಪಾಳಿಗಳಲ್ಲಿ ಏಳಕ್ಕೆ ಸರಿಯಾಗಿ ನೀರು ಬಿಟ್ಟ. ಫೋನು ಬರಲಿಲ್ಲ, ಬರುವ ಕಾರಣವೂ ಇರಲಿಲ್ಲ. ಮದುವೆಗೆ ಹದಿನೈದು ದಿನ ಇದ್ದಾಗ, ಪಾಳಿಯಲ್ಲದ ಒಂದು ಮಧ್ಯಾಹ್ನ ಫೋನು ಬಂತು.

“ಒಂದು ಮಾತ್ ಕೇಳಬೇಕಿತ್ರಿ. ಕುಷ್ಟಗ್ಯಾಗ ಅವರ ಓಣಿಗೆ ಎಷ್ಟ ದಿನಕ್ಕೊಮ್ಮೆ ನೀರ ಬರ್ತಾವಂತ? ಅವರನ್ನ ಕೇಳಾಕ ನಾಚಿಕಿ.”

“ಕೇಳಿ ಹೇಳ್ತೀನ್ರಿ” ಎಂದ. ಕುಷ್ಟಗಿಯಲ್ಲಿ ಇದೇ ಕೆಲಸ ಮಾಡುತ್ತಿದ್ದ ಪಕ್ಕೀರಪ್ಪ ಅವನ ಐಟಿಐ ಗೆಳೆಯ. ವಿಚಾರಿಸಿ, ಸಂಜೆ ತಾನೇ ಅವಳಿಗೆ ಫೋನು ಹಚ್ಚಿದ. ಅವನು ಅವಳಿಗೆ ಮಾಡಿದ ಮೊದಲ ಫೋನು ಅದು.

“ದಿನಾ ಬರ್ತಾವಂತ್ರಿ. ಈಗ ಓಣಿಗೆ ಬೋರ್ ಹಾಕ್ಯಾರಂತ.”

“ದಿನಾ?” ಎಂದಳು. “ಹಂಗಾದ್ರ ಯಾರಿಗೂ ಫೋನ್ ಮಾಡೂದ ಬ್ಯಾಡ.”

“ಬ್ಯಾಡ್ರಿ. ಆದ್ರೂ ಮೋಟರ್ ಅಂದ್ರ ಮೋಟರ್. ಸುಟ್ರ ಪಕ್ಕೀರಪ್ಪಗ ಹೇಳ್ರಿ, ಛಲೋ ಮನುಷ್ಯಾ. ನಂಬರ್ ಬರಕೋರಿ.”

ಅವಳು ಪೆನ್ನು ಹುಡುಕಿದಳು. ಬೇರೊಬ್ಬನ ನಂಬರಿನ ಹತ್ತು ಅಂಕಿಗಳನ್ನು ಯಮನೂರ ಒಂದೊಂದಾಗಿ, ನಡುವೆ ಉಸಿರು ಬಿಟ್ಟು ಹೇಳಿದ. ಅವಳು ತಿರುಗಿ ಓದಿ ಹೇಳಿದಳು. ಹತ್ತೂ ಸರಿಯಾಗಿದ್ದವು.

“ಎಲ್ಲೋ ಒಂದ್ ತಪ್ಪೇತ್ರಿ,” ಎಂದ ಅವನು. “ಇನ್ನೊಮ್ಮೆ ಓದ್ರಿ.”