ಕಜ್ಜಿಯವನು ಸೂರ್ಯನಾದ ಬಗೆ

ನಿನ್ನೆ ಬೆಳಿಗ್ಗೆ ಸೊಸೆ ನೆನೆಸಿಟ್ಟ ಅವರೆಕಾಳಿನ ನೀರು ಬಸಿದಾಗ ಅದರ ಸೊಗಡು ನನ್ನ ಕೋಣೆಯವರೆಗೂ ಬಂತು. ನಿಮಗೆ ಆ ವಾಸನೆಯಿಂದ ಹಸಿವಾಗಬಹುದು. ನನಗೆ ಹೊಟ್ಟೆ ಉರಿಯುತ್ತದೆ. ವೈದ್ಯರಿಗೆ ಹೇಳುವಂಥ ಉರಿಯಲ್ಲ. ಚೆನ್ನಾಜಿ ಹಚ್ಚಿಟ್ಟು ಹೋದದ್ದು.

ಮಹಾರಾಜರ ಕಾಲದ ಮಾತು. ಹಂಪಾಪುರದ ನಮ್ಮ ಮನೆಯಲ್ಲಿ ಮಾಗಿಯ ಸಂಜೆ ಎಲ್ಲರೂ ಸುತ್ತ ಕುಳಿತು ಅವರೆ ಹಿದುಕುತ್ತಿದ್ದೆವು. ಬೆರಳಿನಿಂದ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಮೊರಕ್ಕೆ ಜಿಗಿಯಬೇಕು. ಅಜ್ಜಿಯದೊಂದು ಕಟ್ಟಳೆಯಿತ್ತು: ಕಥೆ ಹೇಳುವವರು ಕಾಳು ಮುಟ್ಟಬೇಕಿಲ್ಲ, ಕಂಬಕ್ಕೆ ಒರಗಿ ಕೂರಬಹುದು, ಸಾರಿನ ಮೊದಲ ಬಟ್ಟಲು ಕಥೆ ಕಟ್ಟಿದವರದು. ಆ ಕಂಬ ನನ್ನದಾಗಿತ್ತು. 'ಆಗಿತ್ತು' ಎಂಬ ಮಾತನ್ನು ದಯವಿಟ್ಟು ಗಮನಿಸಿ.

ನಾನು ರಾಜ ರಾಣಿಯರ ಹಳಸಲು ಕಥೆ ಹೇಳಿದವನಲ್ಲ. ಹುಣಸೂರಿನಲ್ಲಿ ಓದುತ್ತಿದ್ದಾಗ ಮೇಷ್ಟರೊಬ್ಬರು ಕೊಟ್ಟ ಇಂಗ್ಲಿಷ್ ಪುಸ್ತಕದಲ್ಲಿ ಮೆಕ್ಸಿಕೋ ದೇಶದ ಅಜ್‌ಟೆಕ್ ಜನರ ಪುರಾಣ ಸಿಕ್ಕಿತ್ತು. ನಾಲ್ವರು ಸೂರ್ಯರು ಅಳಿದ ಮೇಲೆ ಐದನೆಯವನು ಹುಟ್ಟಬೇಕಾದರೆ ಯಾರಾದರೊಬ್ಬ ದೇವರು ಬೆಂಕಿಗೆ ಹಾರಬೇಕಂತೆ. ಅಷ್ಟನ್ನು ಬೀಜವಾಗಿಟ್ಟುಕೊಂಡು ನಾನೊಂದು ಲೋಕವನ್ನೇ ಕಟ್ಟಿದೆ. ಅಲ್ಲಿ ಕಪಿಲೆಯಂಥ ಹೊಳೆ ಬೆಟ್ಟ ಹತ್ತಿ ಹರಿಯುತ್ತಿತ್ತು. ಮೈಯೆಲ್ಲ ಗರಿಯಿದ್ದ ಹಾವು ಅದರ ಕಾವಲಿಗಿತ್ತು. ಅದರ ಊಟಕ್ಕೆ, ನಿದ್ದೆಗೆ, ಗರಿ ಉದುರುವ ತಿಂಗಳಿಗೆ ಕೂಡ ನಾನು ನಿಯಮ ಮಾಡಿದ್ದೆ.

ಪುಸ್ತಕದ ಒಂದೇ ಸಂಗತಿ ನನಗೆ ಹಿಡಿಸಲಿಲ್ಲ. ಬೆಂಕಿಯ ಮುಂದೆ ಇಬ್ಬರು ದೇವರು ನಿಲ್ಲುತ್ತಾರೆ. ಒಬ್ಬ ಒಡವೆ ತೊಟ್ಟವನು, ಇನ್ನೊಬ್ಬ ಮೈತುಂಬ ಕಜ್ಜಿಯವನು. ಮೊದಲು ಹಾರಿ ಸೂರ್ಯನಾಗುವವನು ಕಜ್ಜಿಯವನು! ಇದು ಔಚಿತ್ಯವಲ್ಲವೆಂದು ತಿದ್ದಿದೆ. ನನ್ನ ಲೋಕದಲ್ಲಿ ಒಡವೆಯವನೇ ಸೂರ್ಯ. ಕಜ್ಜಿಯವನು ಸೌದೆ ಒಟ್ಟುವವನು. ಈಗಲೂ ಅದೇ ಸರಿಯೆನ್ನುತ್ತೇನೆ.

ಚೆನ್ನಾಜಿ ನನ್ನ ಚಿಕ್ಕಪ್ಪನ ಮಗಳು. ಆ ಪುಸ್ತಕದ ರಟ್ಟನ್ನೂ ಕಂಡವಳಲ್ಲ. ನನ್ನ ಒಡವೆಯ ದೇವರು ದೀರ್ಘವಾದ ಸ್ತೋತ್ರ ಮುಗಿಸಿ ಇನ್ನೇನು ಹಾರಬೇಕು, ಆಗ ಅವಳು ಕಾಳಿನಿಂದ ಕಣ್ಣೆತ್ತದೆ ಕೇಳಿದಳು.

"ಆ ಕಜ್ಜಿಯವನು ಏನಾದ ಅಣ್ಣಯ್ಯ?"

ಸೌದೆ ಒಟ್ಟುತ್ತಿದ್ದಾನೆ, ಸುಮ್ಮನೆ ಕೇಳು ಎಂದೆ.

"ಒಡವೆ ಆಕ್ಕೊಂಡೋನು ನೆಗೆಯಾಕಿಲ್ಲ ಬುಡು. ಇವನೇ ನೆಗೆದ್ಬುಟ್ಟ. ಕಜ್ಜಿ ಇರೋನ್ಗೆ ಉರಿ ಏನು ಒಸ್ದಾ?"

ಎಲ್ಲರ ಬೆರಳುಗಳೂ ನಿಂತವು. ಅಜ್ಜಿ ಅವಳನ್ನು ನೋಡಿ, ಆಮೇಲೆ ನನ್ನನ್ನು ನೋಡಿ, "ಏಳ್ಲಾ, ಕಂಬ ಬುಡು. ಅವಳು ಮುಗಿಸ್ಲಿ" ಎಂದಳು.

ನಾನು ಮೊರದ ಮುಂದೆ ಕುಳಿತೆ. ನಾನು ಒತ್ತಿದ ಮೊದಲ ಬೇಳೆ ಹಾರಿ ಚಿಕ್ಕಪ್ಪನ ಕಿವಿಗೆ ಬಡಿಯಿತು. ಯಾರ್ಯಾರು ನಕ್ಕರೆಂಬುದು ನನಗೆ ಇಂದಿಗೂ ನೆನಪಿದೆ. ಓದದೆಯೇ ಅವಳು ಪುಸ್ತಕದ ಮಾತಿಗೆ ಬಂದು ಮುಟ್ಟಿದ್ದಳು. ಅದು ಗೊತ್ತಿದ್ದವನು ನಾನೊಬ್ಬನೇ.

ಮದುವೆಯಾಗಿ ಪಿರಿಯಾಪಟ್ಟಣಕ್ಕೆ ಹೋಗುವವರೆಗೂ ಕಂಬ ಅವಳದೇ ಆಯಿತು. ನನ್ನ ಹಾವು ನನ್ನ ನಿಯಮಗಳನ್ನೆಲ್ಲ ಬಿಟ್ಟು, ನಾಚಿಕೆಯಾದಾಗಲೆಲ್ಲ ಗರಿ ಉದುರಿಸತೊಡಗಿತು. ಊರಿನ ಮಕ್ಕಳು ಗದ್ದೆಯಲ್ಲಿ ಕೊಕ್ಕರೆಯ ಪುಕ್ಕ ಹೆಕ್ಕಿ ತಂದು ಚೆನ್ನಾಜಿಯ ಹಾವಿನದೆಂದು ತೋರಿಸುತ್ತಿದ್ದರು. ಹಾವು ಯಾರದೆಂದು ಒಬ್ಬರೂ ವಿಚಾರಿಸಲಿಲ್ಲ.

ನಿನ್ನೆ ಅವಳು ನಮ್ಮ ಮನೆಗೆ ಬಂದಿದ್ದಳು. ಅವರೆ ಅವಳಿಗಾಗಿಯೇ. ಮೊಮ್ಮಕ್ಕಳು ಅವಳನ್ನು ಕಂಬದ ಬಳಿ ಕೂರಿಸಿ ಗರಿಹಾವಿನ ಕಥೆ ಕೇಳಿದರು.

"ಯಾವ ಹಾವಪ್ಪ? ನಂಗೊಂದೂ ನೆಪ್ಪಿಲ್ಲ ಕಣ್ರಪ್ಪ. ಅಣ್ಣಯ್ಯನ್ನ ಕೇಳಿ," ಎಂದು ಅವಳು ಸರಿದು ಮೊರ ಎಳೆದುಕೊಂಡಳು.

ಈ ಗಳಿಗೆಗಾಗಿ ನಾನು ಒಂದು ಆಯುಷ್ಯ ಕಾದಿದ್ದೆ. ಕಂಬಕ್ಕೆ ಒರಗಿದೆ. ಹೊಳೆಯನ್ನು ಬೆಟ್ಟ ಹತ್ತಿಸಿದೆ, ಸ್ತೋತ್ರ ಮುಗಿಸಿದೆ, ಒಡವೆಯವನನ್ನು ಬೆಂಕಿಯ ಅಂಚಿಗೆ ತಂದು ನಿಲ್ಲಿಸಿದೆ. ತಡೆಯುವವರು ಯಾರೂ ಇರಲಿಲ್ಲ. ಚೆನ್ನಾಜಿ ಮಗುವಿನ ಹಾಗೆ ಬಾಯಿ ತೆರೆದು ಕಾಯುತ್ತಿದ್ದಳು.

"ನೆಗೆದ್ನಾ ಅಣ್ಣಯ್ಯ?"

ಅವನು ಹಾರಲಿಲ್ಲ. ಎಷ್ಟು ನೂಕಿದರೂ ಹಾರಲಿಲ್ಲ. ನನ್ನ ಬಾಯಿಂದ ಬಂದದ್ದು ಅವಳ ಮಾತೇ. ಮುರಿದ ಮುಳ್ಳಿನಂತೆ ಒಳಗೇ ಉಳಿದಿದ್ದು, ಒಂದಕ್ಷರವೂ ಸವೆಯದೆ ಹೊರಬಂತು. ಕಜ್ಜಿ ಇರೋನ್ಗೆ ಉರಿ ಏನು ಒಸ್ದಾ?

ಚೆನ್ನಾಜಿಯ ಬೆರಳುಗಳು ನಿಂತವು. "ಎಂಥಾ ಮಾತು ಕಟ್ಟಿದ್ದೀಯಾ ಅಣ್ಣಯ್ಯ," ಎಂದಳು.

ಕಟ್ಟಿದವಳು ನೀನೇ ಎಂದೆ. ಅವಳು ನಂಬಲಿಲ್ಲ. ಉಳಿದವರು ನನ್ನ ವಿನಯವನ್ನು ಮೆಚ್ಚಿಕೊಂಡರು.

ಸೊಸೆ ಸಾರಿನ ಮೊದಲ ಬಟ್ಟಲನ್ನು ತಂದು ನನ್ನ ಮುಂದಿಟ್ಟಳು. ನಾನು ಅದನ್ನು ಚೆನ್ನಾಜಿಯ ಕಡೆ ಸರಿಸಿದೆ. ಪ್ರೀತಿಯೆಂದು ತಪ್ಪು ತಿಳಿಯಬೇಡಿ. ಅಜ್ಜಿಯ ಕಟ್ಟಳೆ ಅವಳಿಗೆ ಮರೆತಿರಬಹುದು, ನನಗೆ ಮರೆತಿಲ್ಲ.